ಕಿವಿ ದಿಢೀರನೆ ಕೈಕೊಟ್ಟಾಗ: ದಿನ ಎಣಿಸುವವರಿಗೆ ಹನ್ನೊಂದು ಸೂತ್ರ

ಬೆಳಿಗ್ಗೆ ಆರೂವರೆಗೆ ತಂಗಿ ಫೋನ್ ಮಾಡಿದಳು. ಎಂದಿನಂತೆ ಎಡಗಿವಿಗೆ ಹಿಡಿದೆ. ಮಾತೇ ಇಲ್ಲ. ನಾಲ್ಕು ಸಲ "ಹಲೋ" ಎಂದು ಕೂಗಿ ಇಟ್ಟುಬಿಟ್ಟೆ. ಮತ್ತೆ ಮಾಡಿದಳು. ಈ ಸಲ ಇನ್ನೊಂದು ಕೈಯಲ್ಲಿ ಕಾಫಿ ಲೋಟ ಇರಲಿಲ್ಲ, ಫೋನು ಬಲಗಿವಿಗೆ ಹೋಯಿತು. "ಯಾಕಣ್ಣ ಇಟ್ಬಿಟ್ಟೆ? ಆಗಿಂದ ಮಾತಾಡ್ತಾನೇ ಇದೀನಲ್ಲ" ಎಂದಳು. ಫೋನನ್ನು ಮತ್ತೆ ಎಡಕ್ಕೆ ತಂದೆ: ಹತ್ತಿ ತುಂಬಿದ ಡಬ್ಬಿ. ಬಲಕ್ಕೆ ತಂದರೆ ತಂಗಿ. ರಾತ್ರಿ ಮಲಗುವಾಗ ಎರಡೂ ಕಿವಿ ನೆಟ್ಟಗಿದ್ದವು.

ನೆಗಡಿಯಿಂದ ಹೀಗಾಗಿರಬೇಕು ಅಂದುಕೊಂಡು ಐದು ದಿನ ಕಳೆದೆ. ಆ ಐದು ದಿನದ ಬೆಲೆ ಏನೆಂದು ಆಮೇಲೆ ಗೊತ್ತಾಯಿತು. ಅದನ್ನು ನೀವೂ ತೆರಬಾರದು ಎಂದು ಈ ಸೂತ್ರಗಳನ್ನು ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ. ಔಷಧಿ ಬರೆಯುವುದು ಅವರ ಕೆಲಸ. ಹೊತ್ತು ಮೀರುವ ಮುಂಚೆ ಅವರ ಮುಂದೆ ಹೋಗಿ ಕೂತು, ಕೇಳಬೇಕಾದ್ದನ್ನು ಕೇಳುವುದು ನಮ್ಮ ಕೆಲಸ. ಇದು ಯಾರಿಗೂ ಬರಬಹುದು. ಗಾಯಕಿ ಅಲ್ಕಾ ಯಾಜ್ಞಿಕ್ ಒಂದು ದಿನ ವಿಮಾನದಿಂದ ಇಳಿದು ಬರುವಾಗ ಏನೂ ಕೇಳಿಸದಂತಾಯಿತು, ವೈರಸ್ ಸೋಂಕಿನಿಂದ ನರಕ್ಕೆ ಸಂಬಂಧಿಸಿದ ಶ್ರವಣದೋಷ ಬಂದಿದೆ ಎಂದು ವೈದ್ಯರು ಹೇಳಿದರು ಎಂದು 2024ರ ಜೂನ್‌ನಲ್ಲಿ ತಾವೇ ತಿಳಿಸಿದರು. ಅಮೆರಿಕದ ಲೆಕ್ಕದಲ್ಲಿ ವರ್ಷಕ್ಕೆ ಲಕ್ಷ ಜನರಲ್ಲಿ 5ರಿಂದ 27 ಮಂದಿಗೆ ಹೀಗೆ ಒಳಗಿವಿ ದಿಢೀರನೆ ಸೋಲುತ್ತದೆ.

1. ಫೋನನ್ನು ಕಿವಿ ಬದಲಿಸಿ ಕೇಳಿ, ಆಮೇಲೆ "ಮ್" ಎನ್ನಿ

ಒಂದು ಕಿವಿ ಸೋತರೆ ಇನ್ನೊಂದು ಅದರ ಕೆಲಸವನ್ನೂ ಹೊತ್ತುಕೊಳ್ಳುತ್ತದೆ. ಅದಕ್ಕೇ ಎಷ್ಟೋ ಜನಕ್ಕೆ ದಿನಗಟ್ಟಲೆ ತಿಳಿಯುವುದೇ ಇಲ್ಲ. ಕಿವಿ ದಿಮ್ಮೆನ್ನುತ್ತಿದ್ದರೆ, ಒಳಗೆ ಗುಂಯ್‌ಗುಟ್ಟುತ್ತಿದ್ದರೆ, ಫೋನನ್ನು ಎರಡೂ ಕಿವಿಗೆ ಹಿಡಿದು ಹೋಲಿಸಿ. ಕಿವಿಯ ಹತ್ತಿರ ಬೆರಳುಗಳನ್ನು ಉಜ್ಜಿ ನೋಡಿ.

ಇನ್ನೊಂದು ಪರೀಕ್ಷೆಯಿದೆ. ಈಗಲೇ ಮಾಡಿ: ಬೆರಳಿನಿಂದ ಒಂದು ಕಿವಿ ಮುಚ್ಚಿ, ಬಾಯಿ ಮುಚ್ಚಿಕೊಂಡೇ "ಮ್..." ಎಂದು ಶ್ರುತಿ ಹಿಡಿಯಿರಿ. ಸದ್ದು ಮುಚ್ಚಿದ ಕಿವಿಗೇ ಓಡುತ್ತದೆ, ಅಲ್ಲವೇ? ಗುಗ್ಗೆ ಕಟ್ಟಿದಾಗ, ನೆಗಡಿಯಿಂದ ನೀರು ನಿಂತಾಗ ಆಗುವುದೂ ಇದೇ: ಮಂದವಾದ ಕಿವಿಯಲ್ಲೇ ಗುನುಗು ಜೋರಾಗಿ ಕೇಳುತ್ತದೆ. ಒಳಗಿವಿಯೋ ನರವೋ ಸೋತಿದ್ದರೆ ಗುನುಗು ಆ ಕಿವಿಯನ್ನು ಬಿಟ್ಟು ಚೆನ್ನಾಗಿರುವ ಕಿವಿಯ ಕಡೆಗೆ ಜಾರುತ್ತದೆ. ನನಗೆ ಪೂರ್ತಿ ಬಲಕ್ಕೆ ಜಾರಿತ್ತು. ಇದು ಮನೆಯಲ್ಲಿ ಸಿಗುವ ಸುಳಿವು ಮಾತ್ರ, ತೀರ್ಪಲ್ಲ. ಆದರೆ ಈ ಸುಳಿವು ಸಿಕ್ಕ ಮೇಲೆ ನಾಳೆ ನೋಡೋಣ ಅನ್ನಬಾರದು.

ಇದರ ಜೊತೆಗೆ ಬಾಯಿ ಸೊಟ್ಟಗಾಗಿದ್ದರೆ, ಮಾತು ತೊದಲಿದರೆ, ಕೈಕಾಲು ಸೋತರೆ ಕಿವಿಯ ಡಾಕ್ಟರನ್ನು ಹುಡುಕುತ್ತ ಕೂರಬೇಡಿ. ಅದು ಪಾರ್ಶ್ವವಾಯು ಇರಬಹುದು. ನೇರ ದೊಡ್ಡಾಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ.

2. ಮೊದಲ ದಿನಕ್ಕೆ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿ

ಈ ಕಾಯಿಲೆಯನ್ನು ವೈದ್ಯರು ಗುರುತಿಸುವುದೇ ದಿನದ ಲೆಕ್ಕದಲ್ಲಿ: 72 ಗಂಟೆಯೊಳಗೆ, ಅಕ್ಕಪಕ್ಕದ ಮೂರು ಸ್ವರಮಟ್ಟಗಳಲ್ಲಿ, 30 ಡೆಸಿಬೆಲ್ ಅಥವಾ ಹೆಚ್ಚು ಕುಸಿತ. ಚಿಕಿತ್ಸೆಯೂ ದಿನದ ಲೆಕ್ಕದ್ದೇ. ಸ್ಟೀರಾಯ್ಡ್ ಕೊಡುವುದಾದರೆ ಮೊದಲ ಎರಡು ವಾರದೊಳಗೆ ಶುರುವಾಗಬೇಕು; ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಎರಡರಿಂದ ಆರನೇ ವಾರದವರೆಗೆ ಎರಡನೇ ಪ್ರಯತ್ನಕ್ಕೆ ಅವಕಾಶ. ಅದಾದ ಮೇಲೆ ಮಾಡಬಹುದಾದದ್ದು ಬಹಳ ಕಡಿಮೆ ಉಳಿದಿರುತ್ತದೆ. ಡಾಕ್ಟರ ಮುಂದೆ "ಒಂದು ವಾರದಿಂದ ಹೀಗೇ" ಎನ್ನಬೇಡಿ. "ಮಂಗಳವಾರ ಬೆಳಿಗ್ಗೆ ಆರೂವರೆಗೆ" ಎನ್ನಿ.

3. ಎಣ್ಣೆಯ ಬಟ್ಟಲು ಕೆಳಗಿಡಿ

ನಮ್ಮಮ್ಮ ಕೊಬ್ಬರಿಎಣ್ಣೆಗೆ ಬೆಳ್ಳುಳ್ಳಿ ಜಜ್ಜಿ ಹಾಕಿ ಬಿಸಿ ಮಾಡಿ ತಂದಿದ್ದರು. "ಬಾ ಮಗ, ಎರಡು ತೊಟ್ಟು ಬಿಟ್ರೆ ಸಡಿಲ ಆಗತ್ತೆ." ಪ್ರೀತಿಯಿಂದ ಬಂದದ್ದನ್ನು ಬೇಡ ಎನ್ನುವುದು ಕಷ್ಟ, ಮಲಗಿ ಹಾಕಿಸಿಕೊಂಡೆ. ಮಾರನೇ ದಿನ ಔಷಧಿ ಅಂಗಡಿಯವರು ಕೊಟ್ಟ ಗುಗ್ಗೆ ಕರಗಿಸುವ ಹನಿ. ಮೂರನೇ ದಿನ ಒಂದು ಕ್ಲಿನಿಕ್‌ನಲ್ಲಿ ಮೂಗಿನ ಸ್ಪ್ರೇ, ನೆಗಡಿ ಮಾತ್ರೆ. ಅಲ್ಲಿ ಯಾರೂ ಕಿವಿಯೊಳಗೆ ಲೈಟು ಬಿಟ್ಟು ನೋಡಲಿಲ್ಲ.

ಎಣ್ಣೆ, ಹನಿ ಎರಡೂ ಕಿವಿಯ ತಮಟೆಯ ಆಚೆ ಹೋಗುವುದಿಲ್ಲ. ತೊಂದರೆ ಇರುವುದು ಆಚೆಗೆ: ಬಸವನಹುಳುವಿನ ಚಿಪ್ಪಿನಂತೆ ಎರಡೂವರೆ ಸುತ್ತು ಸುತ್ತಿಕೊಂಡಿರುವ ಕಾಕ್ಲಿಯಾದಲ್ಲಿ. ಹುಟ್ಟುವಾಗ ಅದರೊಳಗೆ ಸದ್ದನ್ನು ಹಿಡಿಯುವ ಸುಮಾರು 15,000 ಕೂದಲಕೋಶಗಳಿರುತ್ತವೆ. ಸತ್ತರೆ ಅವು ಮತ್ತೆ ಹುಟ್ಟುವುದಿಲ್ಲ. ಇಡೀ ಒಳಗಿವಿಗೆ ರಕ್ತ ತರುವುದು ಒಂದೇ ಒಂದು ಸಣ್ಣ ರಕ್ತನಾಳ. ಅದು ಕಟ್ಟಿದರೆ ಬೇರೆ ದಾರಿಯಿಲ್ಲ.

4. ಶಬ್ದದ ಕೋಣೆಗೆ ಹೋಗದೆ ಮನೆಗೆ ಮರಳಬೇಡಿ

ಇ.ಎನ್.ಟಿ. ಡಾಕ್ಟರು ಹಣೆಯ ಮೇಲೆ ಟ್ಯೂನಿಂಗ್ ಫೋರ್ಕ್ ಇಟ್ಟು "ಯಾವ ಕಡೆ ಕೇಳತ್ತೆ?" ಎಂದರು. ನಾನು ಮನೆಯಲ್ಲಿ ಗುನುಗಿದ್ದೂ ಇದೇ ತತ್ತ್ವದ ಪರೀಕ್ಷೆ. ವೇಬರ್ ಎಂಬ ಜರ್ಮನ್ ವಿಜ್ಞಾನಿಯ ಹೆಸರಿನಲ್ಲಿದೆ. ಆದರೆ ಕಾಗದದ ಮೇಲೆ ಗೆರೆಯಾಗಿ ಬರಬೇಕಾದ್ದು ಆಡಿಯೋಗ್ರಾಂ. ಸದ್ದಿಲ್ಲದ ಕೋಣೆ, ಕಿವಿಗೆ ಹೆಡ್‌ಫೋನು, ಕೈಯಲ್ಲಿ ಒತ್ತುವ ಗುಂಡಿ. ಬಲಗಿವಿಗೆ ಸದ್ದು ಬಂದಾಗಲೆಲ್ಲ ಒತ್ತಿದೆ. ಎಡಗಿವಿಯ ಸರದಿ ಬಂದಾಗ ಗಾಜಿನಾಚೆ ಕೂತ ಹುಡುಗಿಯ ಕೈ ಗುಂಡಿ ತಿರುಗಿಸುತ್ತಲೇ ಇದ್ದುದು ಕಾಣುತ್ತಿತ್ತು, ನನ್ನ ಬೆರಳು ಸುಮ್ಮನೆ ಕಾಯುತ್ತಿತ್ತು. 75 ಡೆಸಿಬೆಲ್ ಹತ್ತಿರಕ್ಕೆ ಬಂದಾಗ ಎಲ್ಲೋ ದೂರದಲ್ಲಿ ಜೀರುಂಡೆ ಕೂಗಿದಂತಾಯಿತು.

ಈ ಹಾಳೆಯಿಲ್ಲದೆ ಚಿಕಿತ್ಸೆ ಕೊಟ್ಟರೆ ಕಿವಿ ಎಷ್ಟು ಬಂತು, ಎಷ್ಟು ಬರಲಿಲ್ಲ ಎಂದು ಅಳೆಯುವುದಕ್ಕೆ ಆಧಾರವೇ ಇರುವುದಿಲ್ಲ. ಹಾಗೆಂದು ಆಡಿಯೋಗ್ರಾಂ ಮಾಡುವವರು ಮುಂದಿನ ವಾರ ಸಿಗುತ್ತಾರೆ ಎಂದರೆ ಮಾತ್ರೆಯನ್ನೂ ಮುಂದಿನ ವಾರಕ್ಕೆ ತಳ್ಳಬೇಕಿಲ್ಲ. ಆ ಮಾತನ್ನು ಡಾಕ್ಟರ ಹತ್ತಿರ ಆಡಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. 1960ರ ದಶಕದಿಂದ ದೇಶಕ್ಕೆಲ್ಲ ಆಡಿಯಾಲಜಿಸ್ಟ್‌ಗಳನ್ನು ತಯಾರು ಮಾಡಿದ ಜಾಗ. ಆ ಕಡೆಯವರಿಗೆ ಅದು ಕೈಗೆಟಕುವ ಭಾಗ್ಯ. ಉಳಿದವರಿಗೆ ವೈದ್ಯಕೀಯ ಕಾಲೇಜಿನ ಇ.ಎನ್.ಟಿ. ವಿಭಾಗವಿದೆ.

5. ಸ್ಟೀರಾಯ್ಡ್ ಎಂಬ ಹೆಸರಿಗೇ ಬೆಚ್ಚಬೇಡಿ

"ಸ್ಟೀರಾಯ್ಡಾ? ಬೇಡಪ್ಪ" ಎಂದವರು ನಮ್ಮ ಮನೆಯಲ್ಲೇ ಮೂವರು. ಜಿಮ್ಮಿನಲ್ಲಿ ತೋಳು ದಪ್ಪ ಮಾಡಲು ಕದ್ದು ತೆಗೆದುಕೊಳ್ಳುವ ಸ್ಟೀರಾಯ್ಡೇ ಬೇರೆ. ಇದು ನಮ್ಮ ಮೂತ್ರಪಿಂಡದ ಮೇಲೆ ಟೋಪಿಯಂತೆ ಕೂತ ಗ್ರಂಥಿ ದಿನಾ ಮಾಡುವ ಕಾರ್ಟಿಸೋಲ್‌ನ ಸೋದರಸಂಬಂಧಿ. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಕೀಲುವಾತದ ರೋಗಿಗೆ ಮೊದಲ ಸಲ ಕಾರ್ಟಿಸೋನ್ ಕೊಟ್ಟರು. ಎರಡೇ ವರ್ಷಕ್ಕೆ ಅದಕ್ಕೆ ನೊಬೆಲ್ ಬಂತು. ಉರಿಯೂತ ಎಲ್ಲಿದ್ದರೂ ತಗ್ಗಿಸುವುದು ಅದರ ಗುಣ. ಒಳಗಿವಿಯ ಜೀವಕೋಶಗಳಲ್ಲೂ ಅದು ಬಂದು ಕೂರುವ ಜಾಗಗಳಿವೆ.

ಕಿವಿಯನ್ನು ಅದು ಖಂಡಿತ ತಂದುಕೊಡುತ್ತದೆಯೇ? ಇಲ್ಲ. ಈ ಕಾಯಿಲೆಯ ಹತ್ತರಲ್ಲಿ ಸುಮಾರು ಒಂಬತ್ತು ಪ್ರಕರಣಗಳಲ್ಲಿ ಕಾರಣವೇ ಸಿಗುವುದಿಲ್ಲ. ಔಷಧಿಯಿಲ್ಲದೆಯೂ ಮೂರರಲ್ಲಿ ಒಬ್ಬರಿಗಾದರೂ ತಾನಾಗಿ ಸುಧಾರಿಸುತ್ತದೆ. 1980ರಲ್ಲಿ ಅಮೆರಿಕದ ವಿಲ್ಸನ್ ಮತ್ತು ಜೊತೆಗಾರರು ನಡೆಸಿದ ಪ್ರಯೋಗದಲ್ಲಿ ಸ್ಟೀರಾಯ್ಡ್ ಪಡೆದವರಲ್ಲಿ ಶೇಕಡಾ 61, ಬರೀ ಹುಸಿ ಮಾತ್ರೆ ಪಡೆದವರಲ್ಲಿ ಶೇಕಡಾ 32 ಮಂದಿ ಚೇತರಿಸಿಕೊಂಡರು. ಅದು ಸಣ್ಣ ಪ್ರಯೋಗ. ಆಮೇಲಿನವು ಒಂದೊಂದು ಒಂದೊಂದು ಹೇಳಿದವು. ಅದಕ್ಕೇ ಅಮೆರಿಕದ ಇ.ಎನ್.ಟಿ. ವೈದ್ಯರ ಅಕಾಡೆಮಿಯ 2019ರ ಮಾರ್ಗಸೂಚಿ "ಕೊಡಲೇಬೇಕು" ಎನ್ನುವುದಿಲ್ಲ, "ಕೊಡಬಹುದು" ಎನ್ನುತ್ತದೆ. ನಾನು ತೆಗೆದುಕೊಂಡೆ. ಕೆಲವು ದಿನಗಳ ಕಿರಿಕಿರಿ ಒಂದು ಕಡೆ, ಉಳಿದ ಆಯುಷ್ಯದ ಕಿವುಡು ಇನ್ನೊಂದು ಕಡೆ. ತಕ್ಕಡಿ ಎತ್ತ ವಾಲಿತೆಂದು ನನಗೆ ಅನುಮಾನವೇ ಇರಲಿಲ್ಲ.

6. ಪೂರ್ತಿ ಡೋಸು, ಬೆಳಿಗ್ಗೆ, ತಿಂಡಿಯ ಮೇಲೆ

ಪ್ರೆಡ್ನಿಸೋಲೋನ್ ಮಾತ್ರೆ, ನಮ್ಮಲ್ಲಿ ವೈಸೊಲೋನ್ ಎಂಬ ಹೆಸರಿನಲ್ಲಿ ಎಲ್ಲರಿಗೂ ಪರಿಚಿತ. ಸಾಮಾನ್ಯ ಲೆಕ್ಕ ಮೈತೂಕದ ಕಿಲೋಗೆ 1 ಮಿಲಿಗ್ರಾಂ, ದಿನಕ್ಕೆ 60 ಮಿಲಿಗ್ರಾಂ ಮೀರದಂತೆ, ಒಂದರಿಂದ ಎರಡು ವಾರ. ಆಮೇಲೆ ಮೆಟ್ಟಿಲು ಇಳಿದಂತೆ ಇಳಿಸುವುದು. ಹೆದರಿಕೊಂಡು ಅರ್ಧ ಮಾತ್ರೆ ನುಂಗುವುದು, ನಾಲ್ಕನೇ ದಿನ "ಸಾಕು" ಎಂದು ಬಿಡುವುದು ಎರಡೂ ಕೆಟ್ಟದ್ದು. ಹೊರಗಿನಿಂದ ಬರುತ್ತಿದೆಯೆಂದು ನಮ್ಮ ಗ್ರಂಥಿ ತನ್ನ ಕೆಲಸ ತಗ್ಗಿಸಿರುತ್ತದೆ. ಅದು ಎಚ್ಚರಗೊಳ್ಳಲು ಸಮಯ ಬೇಕು. ರಾತ್ರಿ ತೆಗೆದುಕೊಂಡರೆ ನಿದ್ದೆ ಹಾರುತ್ತದೆ. ಬೆಳಿಗ್ಗೆ ತೆಗೆದುಕೊಂಡರೂ ನನಗೆ ಮೂರು ಗಂಟೆಗೆ ಎಚ್ಚರವಾಗುತ್ತಿತ್ತು. ಎದ್ದು ಪಾತ್ರೆ ತೊಳೆದಿಡುತ್ತಿದ್ದೆ.

ಹೆಚ್ಚು ಕೊಟ್ಟರೆ ಹೆಚ್ಚು ಗುಣವೇ? ಜರ್ಮನಿಯ ವೈದ್ಯರು ಇದನ್ನೇ ಪರೀಕ್ಷಿಸಿದರು. ಹೊಡೊಕಾರ್ಟ್ ಎಂಬ ಆ ಪ್ರಯೋಗದಲ್ಲಿ 325 ರೋಗಿಗಳಿದ್ದರು. ಒಂದು ಗುಂಪಿಗೆ ದಿನಕ್ಕೆ 250 ಮಿಲಿಗ್ರಾಂ ಪ್ರೆಡ್ನಿಸೋಲೋನ್ ರಕ್ತನಾಳಕ್ಕೆ, ಇನ್ನೊಂದಕ್ಕೆ ಭಾರಿ ಡೋಸಿನ ಡೆಕ್ಸಾಮೆಥಾಸೋನ್ ಮಾತ್ರೆ, ಮತ್ತೊಂದಕ್ಕೆ ಎಂದಿನ 60 ಮಿಲಿಗ್ರಾಂ. ಭಾರಿ ಡೋಸಿನವರ ಕಿವಿ ಹೆಚ್ಚೇನೂ ಸುಧಾರಿಸಲಿಲ್ಲ, ತೊಂದರೆ ಮಾತ್ರ ಹೆಚ್ಚಾಯಿತು. ಡ್ರಿಪ್ ಹಾಕಿದರೇ ಚಿಕಿತ್ಸೆ ಎನ್ನುವ ನಮ್ಮ ನಂಬಿಕೆಗೆ ಇದು ಒಳ್ಳೆಯ ಉತ್ತರ.

7. ಸಕ್ಕರೆ ಕಾಯಿಲೆಯನ್ನು ಮುಚ್ಚಿಡಬೇಡಿ

2021ರಲ್ಲಿ ಕೊರೊನಾದ ಎರಡನೇ ಅಲೆಯ ಹಿಂದೆಯೇ ಕಪ್ಪು ಶಿಲೀಂಧ್ರ ಬಂದದ್ದು ನೆನಪಿದೆಯಲ್ಲ? ಹತೋಟಿಯಿಲ್ಲದ ಸಕ್ಕರೆ, ಅದರ ಮೇಲೆ ಸ್ಟೀರಾಯ್ಡ್: ಅದು ಬೇರೂರಲು ಇವೆರಡೇ ಸಾಕಾದವು. ಹೆದರಿಸಲು ಹೇಳುತ್ತಿಲ್ಲ, ಗ್ಲೂಕೋಮೀಟರ್ ಮನೆಯಲ್ಲಿಟ್ಟುಕೊಳ್ಳಿ ಎನ್ನಲು ಹೇಳುತ್ತಿದ್ದೇನೆ. ನನ್ನದು ಅಂಚಿನಲ್ಲಿದ್ದ ಸಕ್ಕರೆ. ಮಾತ್ರೆ ಶುರುವಾದ ನಾಲ್ಕನೇ ದಿನ ಊಟದ ನಂತರ 280 ತೋರಿಸಿತು. ಮುಂಚೆಯೇ ಹೇಳಿದ್ದರಿಂದ ಡಾಕ್ಟರು ಸಿದ್ಧವಾಗಿದ್ದರು, ಸಕ್ಕರೆಯ ಮಾತ್ರೆ ಸೇರಿಸಿದರು.

ಬಿಪಿ, ಹೊಟ್ಟೆಹುಣ್ಣು, ಕಣ್ಣಿನ ಗ್ಲಾಕೋಮಾ, ಹಳೆಯ ಕ್ಷಯ, ಮಾನಸಿಕ ಕಾಯಿಲೆಗೆ ನುಂಗುತ್ತಿರುವ ಮಾತ್ರೆ, ಬಸಿರು, ಎಲ್ಲವನ್ನೂ ಹೇಳಿ. ಸೊಂಟದಲ್ಲೋ ತೊಡೆಸಂದಿಯಲ್ಲೋ ಹೊಸ ನೋವು ಬಂದು ಹೋಗದಿದ್ದರೆ ತಿಂಗಳುಗಳ ನಂತರವಾದರೂ ಹೇಳಿ. ಅಪರೂಪಕ್ಕೆ ಸ್ಟೀರಾಯ್ಡ್ ತೊಡೆಮೂಳೆಯ ತಲೆಗೆ ಪೆಟ್ಟು ಕೊಡುವುದುಂಟು.

8. ಕಿವಿಯೊಳಗಿನ ಸೂಜಿಗೆ ಹಿಂಜರಿಯಬೇಡಿ

ಮಾತ್ರೆ ಮುಗಿಯುವ ಹೊತ್ತಿಗೆ 75 ಇದ್ದದ್ದು 50ಕ್ಕೆ ಬಂದಿತ್ತು. "ಇನ್ನು ಸೂಜಿ ನೋಡೋಣ" ಎಂದರು ಡಾಕ್ಟರು. ತಮಟೆಯ ಮೂಲಕ ನಡುಗಿವಿಗೆ ಔಷಧಿ ಬಿಡುವುದು. ಅಲ್ಲಿಂದ ಅದು ಒಂದು ಸಣ್ಣ ಪೊರೆ ದಾಟಿ ಕಾಕ್ಲಿಯಾಕ್ಕೆ ಇಳಿಯುತ್ತದೆ. ರಕ್ತಕ್ಕೆ ಸೇರುವುದು ಬಹಳ ಕಡಿಮೆ, ಹಾಗಾಗಿ ಸಕ್ಕರೆಯವರಿಗೆ ಇದು ವರ. ಕೆಲವರಿಗೆ ಮೊದಲ ಚಿಕಿತ್ಸೆಯಾಗಿಯೇ ಕೊಡುತ್ತಾರೆ. 2011ರಲ್ಲಿ ಸ್ಟೀವನ್ ರಾಚ್ ಮತ್ತು ಜೊತೆಗಾರರು 250 ರೋಗಿಗಳಲ್ಲಿ ಮಾತ್ರೆಯನ್ನೂ ಸೂಜಿಯನ್ನೂ ಹೋಲಿಸಿದಾಗ ಎರಡೂ ಹೆಚ್ಚುಕಡಿಮೆ ಸಮ ನಿಂತವು: ಸರಾಸರಿ ಸುಧಾರಣೆ ಮಾತ್ರೆಗೆ 30.7, ಸೂಜಿಗೆ 28.7 ಡೆಸಿಬೆಲ್.

ಹೇಗಿರುತ್ತದೆ ಎಂದು ಯಾರೂ ನನಗೆ ಹೇಳಿರಲಿಲ್ಲ, ಅದಕ್ಕೇ ಹೇಳುತ್ತೇನೆ. ಮಂಚದ ಮೇಲೆ ಬೆನ್ನಡಿಯಾಗಿ ಮಲಗಿಸಿ ಮುಖವನ್ನು ಬಲಕ್ಕೆ ತಿರುಗಿಸಿದರು. ಸೂಕ್ಷ್ಮದರ್ಶಕ ಕಿವಿಯ ಮೇಲೆ ಬಂತು. ತಮಟೆಗೆ ಮರಗಟ್ಟಿಸುವ ಔಷಧಿ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟರು. ನರ್ಸಮ್ಮ ಔಷಧಿಯ ಸೀಸೆಯನ್ನು ಅಂಗೈಯಲ್ಲಿ ಮುಚ್ಚಿಟ್ಟುಕೊಂಡು ನಿಂತಿದ್ದರು. ಯಾಕೆ ಎಂದೆ. "ತಣ್ಣಗೆ ಬಿಟ್ರೆ ತಲೆ ಗಿರ್ರನ್ನತ್ತೆ ಸರ್, ಮೈಬಿಸಿಗೆ ಬರ್ಲಿ ಅಂತ." ಸೂಜಿ ಚುಚ್ಚಿದ್ದು ಇರುವೆ ಕಡಿದಷ್ಟು. ಔಷಧಿ ತುಂಬುವಾಗ ಕಿವಿಯೊಳಗೆ ಕೊಳ ಮೇಲೇರಿದ ಹಾಗೆ ಭಾರ, ಎರಡು ನಿಮಿಷ ಕೋಣೆ ತೇಲಿತು. ಆಮೇಲೆ ಅರ್ಧ ಗಂಟೆ ಹಾಗೇ ಮಲಗಬೇಕು. ಮಾತಾಡಬಾರದು, ಉಗುಳು ನುಂಗಬಾರದು. ನುಂಗಿದರೆ ನಡುಗಿವಿಯಿಂದ ಗಂಟಲಿಗೆ ಹೋಗುವ ಕೊಳವೆ ತೆರೆದು ಔಷಧಿ ಸೋರಿಹೋಗುತ್ತದೆ. ನಾಲಿಗೆಯ ಬುಡಕ್ಕೆ ಕಹಿ ಬಂತೆಂದರೆ ಸ್ವಲ್ಪ ಸೋರಿತು ಎಂದೇ ಲೆಕ್ಕ. ಬಾಯಿ ಪಕ್ಕ ಟವೆಲ್ ಇಟ್ಟುಕೊಂಡು ಉಗುಳನ್ನು ಅದಕ್ಕೇ ಬಿಡಿ, ಸಂಕೋಚ ಬೇಡ. ಹೀಗೆ ನಾಲ್ಕು ದಿನಕ್ಕೊಮ್ಮೆಯಂತೆ ನಾಲ್ಕು ಸಲ. ಕಿವಿಗೆ ನೀರು ಹೋಗದಂತೆ ಸ್ನಾನ. ತಮಟೆಯ ತೂತು ಅಪರೂಪಕ್ಕೆ ಮುಚ್ಚದೆ ಉಳಿಯುವುದುಂಟು. ನನ್ನದು ಮುಚ್ಚಿಕೊಂಡಿತು.

9. ಚೀಟಿ ಉದ್ದವಾದರೆ ಒಂದೊಂದಕ್ಕೂ ಯಾಕೆಂದು ಕೇಳಿ

ವೈರಸ್ ಮಾತ್ರೆ, ರಕ್ತದ ಹೆಪ್ಪು ಕರಗಿಸುವ ಔಷಧಿ, ರಕ್ತನಾಳ ಹಿಗ್ಗಿಸುವ ಮಾತ್ರೆ: ಇವನ್ನು ಎಲ್ಲರಿಗೂ ಸುಮ್ಮನೆ ಬರೆಯಬಾರದು ಎಂದು ಅದೇ 2019ರ ಮಾರ್ಗಸೂಚಿ ಹೇಳುತ್ತದೆ. ತಲೆಯ ಸಿ.ಟಿ. ಸ್ಕ್ಯಾನೂ ಮೊದಲಿಗೆ ಬೇಡ. ಬೇಕಾದದ್ದು ಎಂ.ಆರ್.ಐ., ಯಾಕೆಂದರೆ ಶ್ರವಣನರದ ಮೇಲೆ ಬೆಳೆಯುವ, ಕ್ಯಾನ್ಸರ್ ಅಲ್ಲದ ಒಂದು ಗಡ್ಡೆ ಕೆಲವರಲ್ಲಿ ಹೀಗೆಯೇ ಮೊದಲು ತಲೆ ತೋರಿಸುತ್ತದೆ. ಕಿವಿ ಪೂರ್ತಿ ವಾಪಸು ಬಂದರೂ ಇದನ್ನು ಬಿಡಬಾರದು. ಎಂ.ಆರ್.ಐ. ಆಗದವರಿಗೆ ಶ್ರವಣನರವನ್ನು ನೋಡುವ ಬೇರಾ (BERA) ಪರೀಕ್ಷೆ ಇದೆ. ಒತ್ತಡದ ಆಮ್ಲಜನಕದ ಕೋಣೆಯ ಚಿಕಿತ್ಸೆಯನ್ನು ಸ್ಟೀರಾಯ್ಡ್ ಜೊತೆಗೆ ಕೊಡಬಹುದು. ದುಬಾರಿ, ದೊಡ್ಡ ಊರುಗಳಲ್ಲಷ್ಟೇ ಸಿಗುತ್ತದೆ.

10. ತಡವಾಗಿ ಹೋದರೂ ಹೋಗಿ

ಮೂರು ವಾರ ಆಯಿತು, ಇನ್ನೇನು ಎಂದು ಕೂರಬೇಡಿ. ಎರಡರಿಂದ ಆರು ವಾರದ ನಡುವೆ ಸೂಜಿಯಿಂದ ಉಳಿದದ್ದನ್ನು ಎತ್ತಿಕೊಳ್ಳುವ ಪ್ರಯತ್ನಕ್ಕೆ ಮಾರ್ಗಸೂಚಿಯ ಬೆಂಬಲವಿದೆ. ಒಂದು ಮಾತು ಮಾತ್ರ ಮುಂಚೆಯೇ ತಿಳಿದಿರಲಿ. ವಯಸ್ಸಾದವರಲ್ಲಿ, ಪೂರ್ತಿ ಹೋದ ಕಿವಿಯಲ್ಲಿ, ತಲೆಸುತ್ತಿನೊಡನೆ ಬಂದ ಕಿವುಡಿನಲ್ಲಿ ಮರಳುವುದು ಕಡಿಮೆ. ತಗ್ಗಿನ ಸ್ವರಗಳು ಬೇಗ ಬರುತ್ತವೆ, ಏರು ಸ್ವರಗಳು ಸತಾಯಿಸುತ್ತವೆ.

11. ಬಾರದೆ ಉಳಿದ ಕಿವಿಗೂ ಏರ್ಪಾಡು ಮಾಡಿ

ಚಿಕಿತ್ಸೆ ಮುಗಿದಾಗ ಒಂದು ಆಡಿಯೋಗ್ರಾಂ, ಆರು ತಿಂಗಳೊಳಗೆ ಇನ್ನೊಂದು. ನನ್ನ ಎಲ್ಲ ಹಾಳೆಗಳೂ ಒಂದೇ ಫೈಲಿನಲ್ಲಿವೆ. ಕೊನೆಯದರಲ್ಲಿ ತಗ್ಗಿನ ಸ್ವರಗಳು 25ರ ಹತ್ತಿರ ಬಂದಿವೆ, ಏರು ಸ್ವರಗಳು 55ರಲ್ಲೇ ನಿಂತಿವೆ. ಒಂದು ಕಿವಿಯವರಿಗೆ ಸದ್ದು ಯಾವ ದಿಕ್ಕಿನಿಂದ ಬಂತೆಂದು ತಿಳಿಯುವುದಿಲ್ಲ. ರಸ್ತೆ ದಾಟುವಾಗ ಕಣ್ಣನ್ನೇ ನಂಬಬೇಕು. ಮದುವೆಮನೆಯಲ್ಲಿ ಮಾತೆಲ್ಲ ಗದ್ದಲವಾಗಿ ಕಲಸಿಹೋಗುತ್ತದೆ. ಗುಂಯ್‌ಗುಡುವುದು ರಾತ್ರಿ ಹೆಚ್ಚು. ಫ್ಯಾನಿನ ಸದ್ದು ಸ್ವಲ್ಪ ಮರೆಸುತ್ತದೆ. ಅರ್ಧ ಉಳಿದ ಕಿವಿಗೆ ಶ್ರವಣಸಾಧನವಿದೆ. ಪೂರ್ತಿ ಹೋದ ಕಿವಿಯ ಕಡೆಯ ಸದ್ದನ್ನು ಒಳ್ಳೆಯ ಕಿವಿಗೆ ದಾಟಿಸುವ ಕ್ರಾಸ್ ಸಾಧನವಿದೆ, ಕೆಲವರಿಗೆ ಕಾಕ್ಲಿಯರ್ ಇಂಪ್ಲಾಂಟ್ ಕೂಡ. ಚಿಕಿತ್ಸೆ ಮುಗಿಯುತ್ತಿದ್ದಂತೆ ಈ ಮಾತನ್ನು ಎತ್ತಿ, ವರ್ಷ ಕಾಯಬೇಡಿ. ಮನೆಯವರಿಗೂ ಹೇಳಿ, ಯಾವ ಕಡೆ ಕೂತು ಮಾತಾಡಬೇಕೆಂದು.

ತಂಗಿಯ ಫೋನು ಈಗ ಬಲಗಿವಿಗೇ. ಅಮ್ಮ ಊಟಕ್ಕೆ ಕೂರುವಾಗ ತಟ್ಟೆಯನ್ನು ನನ್ನ ಬಲಗಡೆಗೆ ಎಳೆದುಕೊಂಡು ಕೂರುತ್ತಾರೆ.